ದೃಷ್ಟಿ ತಾಗುವುದು

ವಸಂತಪುರದಲ್ಲಿ ಹೊಸ ಮನೆಯ ಗೋಡೆ ಆಳೆತ್ತರಕ್ಕೆ ಏಳುವ ಹೊತ್ತಿಗೆ ಅಲ್ಲೊಂದು ಮುಖ ನೇತಾಡತೊಡಗುತ್ತದೆ. ಕಪ್ಪು ಬಣ್ಣ, ಗುಡ್ಡೆ ಹೊರಬಂದ ಕಣ್ಣು, ಮೇಲಕ್ಕೆ ತಿರುವಿದ ಮೀಸೆ, ಚಾಚಿದ ಕೆಂಪು ನಾಲಗೆ. ಕೆಲವರು ಬೂದುಗುಂಬಳದ ಮೇಲೇ ಈ ಮುಖ ಬರೆಸಿ ಕಟ್ಟುತ್ತಾರೆ. ದೃಷ್ಟಿಬೊಂಬೆ. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿ ದಾಟಿ ರೇಷ್ಮೆ ಸಂಸ್ಥೆಯವರೆಗೆ ಓಡಲು ಶುರುವಾದ ಮೇಲಂತೂ ಕನಕಪುರ ರಸ್ತೆಯ ಈ ಬದಿಯಲ್ಲಿ ಮನೆಗಳಿಗೂ ಬರವಿಲ್ಲ, ಈ ಮುಖಗಳಿಗೂ ಬರವಿಲ್ಲ. ಯಾರ ಕಣ್ಣು ಬೀಳಬಾರದು ಅಂತ ಇದನ್ನು ಕಟ್ಟಿದ್ದೀರಿ ಎಂದು ರಾಯಚೂರು ಕಡೆಯ ಒಬ್ಬ ಮೇಸ್ತ್ರಿಯನ್ನು ಕೇಳಿದೆ. 'ಎಲ್ಲಾರದ್ದೂ ರೀ' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಹೊಟ್ಟಿಗಿಲ್ಲದವ್ರ ಕಣ್ಣು ಭಾಳ ತಾಗ್ತಾವಂತ' ಅಂದ. ಆತ ಹೆಂಡತಿ ಮಕ್ಕಳೊಂದಿಗೆ ಅದೇ ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿದ್ದಾನೆ. ಮನೆಯನ್ನು ಹಗಲೂ ರಾತ್ರಿ ನೋಡುವ ಕಣ್ಣು ಅವನದೇ.

ಇದೇ ವಸಂತಪುರದಲ್ಲಿ ವಸಂತ ವಲ್ಲಭರಾಯನ ಹಳೆಯ ಗುಡಿಯಿದೆ. ಇನ್ನೊಂದು ಗುಡ್ಡದ ಮೇಲೆ, ಅದಕ್ಕೀಗ ವೈಕುಂಠ ಗಿರಿ ಎಂದು ಹೆಸರು, ಇಸ್ಕಾನ್‌ನವರು ತಿರುಮಲೆಯ ಮಾದರಿಯಲ್ಲಿ ಕಟ್ಟಿಸಿದ ರಾಜಾಧಿರಾಜ ಗೋವಿಂದನ ದೇವಸ್ಥಾನವಿದೆ. 2022ರ ಜೂನಿನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ಬಂದು ಅದನ್ನು ಉದ್ಘಾಟಿಸಿದರು. ಕೋವಿಂದರು ನಮ್ಮವರು ಎಂಬುದನ್ನು ನಾವು ಹೇಳಿಕೊಳ್ಳುವುದುಂಟು, ಇರಲಿ. ಜನ ಗುಡ್ಡ ಹತ್ತುವುದು ದರ್ಶನಕ್ಕೆ. ದೇವರ ಕಣ್ಣು ತಮ್ಮ ಮೇಲೆ ಬೀಳಲಿ ಎಂದು ಹೋದವರೇ, ಇಳಿದು ಬರುವಾಗ ತಮ್ಮ ಸೈಟಿನ ಮೇಲೆ ಯಾರ ಕಣ್ಣೂ ಬೀಳದಿರಲಿ ಎಂದು ಬೊಂಬೆ ಕೊಂಡು ಬರುತ್ತಾರೆ. ಒಂದು ಕಡೆ ಕೃಪಾದೃಷ್ಟಿ, ಇನ್ನೊಂದು ಕಡೆ ದೃಷ್ಟಿದೋಷ. ಎರಡರಲ್ಲೂ ಕಣ್ಣು ಮಾಡುವ ಕೆಲಸ ಒಂದೇ: ಹೋಗಿ ತಾಗುವುದು.

ಭಾರತೀಯರ ನೋಟದ ಬಗ್ಗೆ ಬರೆದ ಕಲಾ ಪಂಡಿತರು ಇವುಗಳಲ್ಲಿ ಮೊದಲನೆಯದನ್ನು ಎತ್ತಿಕೊಂಡು ಒಂದು ದೊಡ್ಡ ಮೀಮಾಂಸೆಯನ್ನೇ ಕಟ್ಟಿದರು. ಎರಡನೆಯದು ಬಂದಾಗ ಅದನ್ನು ಸಾಮಾನ್ಯವಾಗಿ ಮೂಢನಂಬಿಕೆಯ ಖಾತೆಗೆ ಬರೆದು ಮುಂದೆ ಹೋಗುತ್ತಾರೆ. ಈ ಎರಡು ಖಾತೆಗಳನ್ನು ಬೇರೆ ಮಾಡಿದ್ದರಿಂದಲೇ ನೋಟದ ಚರ್ಚೆಯಿಂದ ಜಾತಿ ತಪ್ಪಿಸಿಕೊಂಡಿತು ಎಂಬುದು ನನ್ನ ತಕರಾರು.

1981ರಲ್ಲಿ ಡಯಾನಾ ಎಕ್ ಅವರ 'ದರ್ಶನ್' ಎಂಬ ಸಣ್ಣ ಪುಸ್ತಕ ಬಂತು. ಅದೇ ವರ್ಷ ಲಾರೆನ್ಸ್ ಬ್ಯಾಬ್ ಅವರ ಒಂದು ಲೇಖನವೂ ಬಂತು. ಅಲ್ಲಿಂದೀಚೆಗೆ ಭಾರತದ ದೃಶ್ಯ ಸಂಸ್ಕೃತಿಯ ಬಗ್ಗೆ ಮಾತಾಡುವ ಯಾರೂ ಈ ಇಬ್ಬರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರು ಹೇಳಿದ್ದು ಇಷ್ಟು: ಹಿಂದೂವಿಗೆ ಪೂಜೆಯ ತಿರುಳು ನೋಡುವುದರಲ್ಲಿದೆ, ಈ ನೋಟ ಒಮ್ಮುಖದ್ದಲ್ಲ, ಭಕ್ತ ದೇವರನ್ನು ನೋಡುತ್ತಾನೆ, ದೇವರೂ ಭಕ್ತನನ್ನು ನೋಡುತ್ತಾನೆ, ಕಣ್ಣು ಬರೀ ಕಿಟಕಿಯಲ್ಲ, ಅದು ಕೈ ಇದ್ದ ಹಾಗೆ, ಹೋಗಿ ಮುಟ್ಟುತ್ತದೆ. ಕ್ರಿಸ್ಟೋಫರ್ ಪಿನ್ನಿಯವರು ಕ್ಯಾಲೆಂಡರ್ ದೇವರುಗಳ ಮೇಲೆ 2004ರಲ್ಲಿ ತಂದ ಪುಸ್ತಕದಲ್ಲಿ ಈ ಮಾತು ಇನ್ನೂ ಮೈಕೈ ತುಂಬಿಕೊಂಡಿತು. ಪಟವನ್ನು ದೂರ ನಿಂತು ಸವಿಯುವುದಲ್ಲ, ಇಡೀ ಮೈಯಿಂದ ನೋಡುವುದು ಎಂದರು ಅವರು.

ಇವರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಾದ್ರಿಗಳು 'ಕಲ್ಲು ಪೂಜಿಸುವ ಜನ' ಎಂದು ಮೂಗು ಮುರಿದಿದ್ದ ಕಡೆ ಇವರು ನಿಂತು ನೋಡಿದರು. ಶಿಲ್ಪಿ ಮೂರ್ತಿಗೆ ಕಣ್ಣು ಬಿಡಿಸುವುದು ಕಟ್ಟಕಡೆಗೆ. ತಿರುಮಲೆಯಲ್ಲಿ ತಿಮ್ಮಪ್ಪನ ಕಣ್ಣನ್ನು ದಪ್ಪ ನಾಮ ಮುಚ್ಚಿರುತ್ತದೆ. ಗುರುವಾರ ನಾಮ ತೆಳುವಾಗಿ ಕಣ್ಣು ಕಾಣುತ್ತದೆ, ಅದಕ್ಕೆ ನೇತ್ರ ದರ್ಶನವೆಂದೇ ಹೆಸರು. ಆ ನೋಟದ ಉರಿಯನ್ನು ಭಕ್ತರು ತಾಳಲಾರರೆಂದು ಮುಚ್ಚುತ್ತಾರೆ ಎನ್ನುವವರಿದ್ದಾರೆ. ಕಣ್ಣಿಗೆ ಬಲವಿದೆ ಎಂದು ನಂಬಿದ ಜನ ಮಾತ್ರ ಹೀಗೆಲ್ಲ ಮಾಡುತ್ತಾರೆ. ಅಷ್ಟರಮಟ್ಟಿಗೆ ಪಂಡಿತರು ಹೇಳಿದ್ದು ಸರಿ.

ಆದರೆ ಅವರ ವಾಕ್ಯದಲ್ಲಿ ಬರುವ ಆ 'ಹಿಂದೂ' ಎಲ್ಲಿ ನಿಂತಿದ್ದಾನೆ?

ನಮ್ಮಜ್ಜಿಯ ಊರಿನಲ್ಲಿ ತೇರು ನಡೆಯುತ್ತಿತ್ತು. ಊರ ಹೆಸರು ಬೇಡ, ಅಂಥ ಊರು ತಾಲ್ಲೂಕಿಗೆ ಹತ್ತಿವೆ. ತೇರು ಕೇರಿಯ ಕಡೆ ತಿರುಗುತ್ತಿರಲಿಲ್ಲ. ನಮ್ಮವರು ಹುಣಸೇಮರದ ಬಳಿ ನಿಲ್ಲಬೇಕು. ಅಲ್ಲಿಂದ ಕಾಣುವುದು ಮನೆಗಳ ಹಂಚಿನ ಮೇಲೆ ಸಾಗುವ ಕಳಸ ಮಾತ್ರ. ಅಜ್ಜಿ ಕಳಸಕ್ಕೇ ಕೈಮುಗಿದು ಹಣ್ಣು ಜವನ ಎಸೆಯುತ್ತಿದ್ದಳು. ಅದು ತೇರಿನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಮ್ಮಪ್ಪ ಆ ದೇವರ ಪಟ ಇರುವ ಒಂದು ಕ್ಯಾಲೆಂಡರ್ ತಂದು ಗೋಡೆಗೆ ಹಾಕಿದರು. ಅಜ್ಜಿ ಹತ್ತಿರ ಹೋಗಿ ನೋಡಿದಳು. 'ಇವ್ನೇನ ಅವ್ನು? ನಾನು ಇನ್ನೂ ದೊಡ್ಡೋನು ಅನ್ಕಂಡಿದ್ದೆ' ಅಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ಎಕ್ ಅವರ ಪುಸ್ತಕವನ್ನು ಓದುವಾಗ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಐವತ್ತು ವರ್ಷ ಒಬ್ಬ ಹೆಂಗಸು ದೇವರನ್ನು ನೋಡಲಿಲ್ಲ ಎಂಬುದು ಅರ್ಧ ಸತ್ಯ. ಐವತ್ತು ವರ್ಷ ದೇವರು ಅವಳನ್ನು ನೋಡದಂತೆ ಊರು ನೋಡಿಕೊಂಡಿತು ಎಂಬುದು ಇನ್ನರ್ಧ. ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಕಾನೂನು ಬಂದದ್ದು 1948ರಲ್ಲಿ. ಕಾನೂನು ಬಾಗಿಲು ತೆಗೆಯಿತು; ಕಣ್ಣಿನ ಮಾತನ್ನು ಅದು ಆಡುವಂತಿರಲಿಲ್ಲ.

ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ಗೌಡರನ್ನು ನೋಡಿದೆ ಅಂದರೆ ದಾರಿಯಲ್ಲಿ ಕಣ್ಣಿಗೆ ಬಿದ್ದರು ಅಂತ. ಗೌಡರನ್ನು ಕಂಡು ಬಂದೆ ಅಂದರೆ ಅಲ್ಲಿ ಕೈಕಟ್ಟಿ ನಿಂತದ್ದು, ಅಪ್ಪಣೆಗೆ ಕಾದದ್ದು ಎಲ್ಲ ಸೇರಿದೆ. ಕಾಣಲು ಹೋದವನು ಒಪ್ಪಿಸಬೇಕಾದ್ದಕ್ಕೆ ಕಾಣಿಕೆ ಎನ್ನುತ್ತೇವೆ. ನೋಟಕ್ಕೆ ಬೆಲೆ ಇದೆ, ಸರತಿ ಇದೆ, ದೂರ ಇದೆ ಎಂಬುದು ನಮ್ಮ ಭಾಷೆಗೆ ಯಾವತ್ತಿನಿಂದಲೂ ಗೊತ್ತು. ಪಂಡಿತರ 'ದರ್ಶನ'ದಲ್ಲಿ ಈ ದೂರದ ಲೆಕ್ಕ ಬಿಟ್ಟುಹೋಗಿದೆ.

ಕಣ್ಣು ಮುಟ್ಟುತ್ತದೆ ಎಂಬ ಮಾತನ್ನು ಒಪ್ಪಿದ ಮೇಲೆ ಅದನ್ನು ಕೊನೇತನಕ ಒಪ್ಪಬೇಕಲ್ಲವೆ? ನೋಟ ಸ್ಪರ್ಶವಾಗಿದ್ದರೆ ಅಸ್ಪೃಶ್ಯತೆ ನೋಟದ ಕಾನೂನೂ ಆಗಿರಲೇಬೇಕು. ಆಗಿತ್ತು ಕೂಡ. ತೀರಾ ಮಡಿವಂತ ಮನೆಗಳಲ್ಲಿ ಉಣ್ಣುವ ಎಲೆಯ ಮೇಲೆ ಹೊರಗಿನವರ ಕಣ್ಣು ಬೀಳದಿರಲೆಂದು ತೆರೆ ಕಟ್ಟುತ್ತಿದ್ದರು. ಕಣ್ಣು ಬಿದ್ದ ಅನ್ನ ಎಂಜಲಿಗೆ ಸಮ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಪೇಶ್ವೆಗಳ ಪುಣೆಯ ಬಗ್ಗೆ ಬರೆದದ್ದನ್ನು ನಾವೆಲ್ಲ ಓದಿದ್ದೇವೆ: ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ. ಆ ಪುಟದಲ್ಲಿ ಇನ್ನೊಂದು ವಿವರವಿದೆ. ಸವರ್ಣೀಯನೊಬ್ಬ ಎದುರಿಗೆ ಬರುತ್ತಿದ್ದರೆ ಅಸ್ಪೃಶ್ಯ ಬೀದಿಯಲ್ಲಿರುವಂತಿಲ್ಲ, ಯಾಕೆಂದರೆ ನೆರಳು ಬಿದ್ದೀತು. ನೆರಳಿಗೆ ತೂಕವಿಲ್ಲ, ವಾಸನೆಯಿಲ್ಲ, ಅದನ್ನು ಮುಟ್ಟಲು ಬರುವುದಿಲ್ಲ. ಅದು ಬರೀ ಕಣ್ಣಿಗೆ ಕಾಣುವ ವಸ್ತು. ಅದಕ್ಕೂ ಮೈಲಿಗೆ ಅಂಟಿಸಿದ ಮೇಲೆ ಜಾತಿಯನ್ನು ಚರ್ಮದ ವಿಚಾರ ಮಾತ್ರ ಎನ್ನಲು ಬರುವುದಿಲ್ಲ. ಅದು ಬೆಳಕಿನ ವಿಚಾರವೂ ಹೌದು.

ಇದರ ತುತ್ತತುದಿ ತಮಿಳು ನಾಡಿನ ತಿರುನೆಲ್ವೇಲಿಯಲ್ಲಿ ಸಿಗುತ್ತದೆ. 1932ರಲ್ಲಿ ಎ. ವಿ. ಠಕ್ಕರ್ ಅಲ್ಲಿ ಪುರದ ವಣ್ಣಾರ್ ಎಂಬ ಜನರನ್ನು ಕಂಡದ್ದು ಪತ್ರಿಕೆಯಲ್ಲಿ ಬಂತು. ಹಟನ್ ಅದನ್ನು ತನ್ನ ಜಾತಿಯ ಕುರಿತ ಪುಸ್ತಕದಲ್ಲಿ ಎತ್ತಿ ಹೇಳಿದ. ಇವರನ್ನು ಮುಟ್ಟುವುದಿರಲಿ, ಕಂಡರೇ ಮೈಲಿಗೆ. ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಬಟ್ಟೆ ಒಗೆದು ಒಳಸೇರಬೇಕು. ಅವರನ್ನು ಮಾತಿಗೆಂದು ಹೊರಗೆ ಕರೆತರುವುದೇ ಕಷ್ಟವಾಯಿತಂತೆ. ಇಲ್ಲಿ ನಾವು ತಲೆತಗ್ಗಿಸಬೇಕಾದ ಒಂದು ವಿವರವಿದೆ, ನುಂಗಿಕೊಳ್ಳದೆ ಹೇಳುತ್ತೇನೆ. ಅವರು ಒಗೆಯುತ್ತಿದ್ದದ್ದು ಬೇರೆ ಅಸ್ಪೃಶ್ಯ ಜಾತಿಗಳವರ ಬಟ್ಟೆಯನ್ನು. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕರೆದದ್ದು ಕಣ್ಣಿನವರೆಗೂ ಇಳಿದಿತ್ತು. ಕಾಣಬಾರದವರು ನಮಗೂ ಇದ್ದರು.

ಕನಕಪುರ ರಸ್ತೆಯ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವರಿಗೆ ಬೇರೆ ಲಿಫ್ಟಿದೆ. ಅದನ್ನು ಸಾಮಾನು ಸಾಗಿಸುವ ಲಿಫ್ಟೆಂದು ಕರೆಯುತ್ತಾರೆ. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

*

ಪಶ್ಚಿಮದ ಪಂಡಿತರಾದರೂ ಇದಕ್ಕೆ ದಾರಿ ತೋರಿಸುತ್ತಾರಾ ಅಂದರೆ, ಸ್ವಲ್ಪ ದೂರದವರೆಗೆ ತೋರಿಸುತ್ತಾರೆ. ಜಾನ್ ಬರ್ಜರ್ 1972ರಲ್ಲಿ ಟಿವಿಯಲ್ಲಿ ಕುಳಿತು, ನೋಡುವ ಕಣ್ಣಿಗೆ ಆಸ್ತಿಪಾಸ್ತಿಯ ಲೆಕ್ಕವಿದೆ, ಗಂಡಸಿನ ಲೆಕ್ಕವಿದೆ ಎಂದು ಬಿಡಿಸಿ ತೋರಿಸಿದ. ಲಾರಾ ಮಲ್ವಿ 1975ರಲ್ಲಿ ಅದನ್ನೇ ಸಿನಿಮಾಕ್ಕೆ ಹಚ್ಚಿದಳು. ನನಗೆ ಇವರಿಗಿಂತ ಹತ್ತಿರದವಳಾಗಿ ಕಂಡದ್ದು ಬೆಲ್ ಹುಕ್ಸ್. ಗುಲಾಮರು ಕಣ್ಣೆತ್ತಿ ನೋಡಿದರೆ ಒಡೆಯರು ಶಿಕ್ಷಿಸುತ್ತಿದ್ದರು, ಆ ಭಯದ ಅಡಿಯಲ್ಲೇ ಎದುರು ನೋಡುವ ಹಟ ಬೆಳೆಯಿತು ಎಂದು 1992ರಲ್ಲಿ ಅವಳು ಬರೆದಳು. 'ಕಣ್ಣು ಬಿಟ್ಕೊಂಡು ನೋಡ್ತೀಯೇನ್ಲಾ' ಎಂಬ ಗದರಿಕೆ ಕೇಳಿ ಬೆಳೆದವರಿಗೆ ಇದು ಅನುವಾದವಿಲ್ಲದೇ ತಿಳಿಯುತ್ತದೆ.

ಇವರಿಗಿಂತ ಮೊದಲಿನ ಒಂದು ಹಳೇ ಜಗಳವನ್ನು ಮಾತ್ರ ನಾನಿಲ್ಲಿ ನಿಧಾನವಾಗಿ ನೋಡಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ರಸ್ಕಿನ್ ಹೇಳಿದ್ದು, ಚಿತ್ರಕಾರನಿಗೆ ಮುಗ್ಧ ಕಣ್ಣು ಬೇಕು, ಈಗಷ್ಟೇ ದೃಷ್ಟಿ ಬಂದ ಕುರುಡನ ಹಾಗೆ ಬಣ್ಣವನ್ನು ಬಣ್ಣವಾಗಿ ನೋಡಬೇಕು ಎಂದು. ಗೋಂಬ್ರಿಚ್ 1960ರಲ್ಲಿ 'ಕಲೆ ಮತ್ತು ಭ್ರಮೆ'ಯಲ್ಲಿ ಅದನ್ನು ಅಲ್ಲಗಳೆದ. ಮುಗ್ಧ ಕಣ್ಣು ಎಂಬುದೇ ಇಲ್ಲ. ಮೊದಲೇ ಗೊತ್ತಿದ್ದದ್ದರ ಸಹಾಯದಿಂದಲೇ ನಾವು ನೋಡುತ್ತೇವೆ. ಕಲಾ ಇತಿಹಾಸದವರು ಸಾಮಾನ್ಯವಾಗಿ ಗೋಂಬ್ರಿಚ್‌ನ ಪಕ್ಷ. ನಾನೂ ಹಾಗೇ ಇದ್ದೆ. ಆದರೆ ಸಿದ್ದಲಿಂಗಯ್ಯನವರ 'ಊರುಕೇರಿ'ಯನ್ನು (1996) ಮತ್ತೆ ಓದಿದಾಗ ಈ ಜಗಳ ಬೇರೆಯದೇ ಜಾಗಕ್ಕೆ ಬಂತು.

ಪುಸ್ತಕದ ಶುರುವಿನಲ್ಲೇ ಹುಡುಗ ಒಂದು ನೋಟ ನೋಡುತ್ತಾನೆ. ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗ ಹೊತ್ತು ಹೋಗುತ್ತಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ಹುಡುಗನಿಗೆ ಅದು ವಿಚಿತ್ರವಾಗಿ, ತಮಾಷೆಯಾಗಿ ಕಾಣುತ್ತದೆ. ಆಮೇಲೆ ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಗೊತ್ತಾಗುತ್ತದೆ. ನೋಟ ಅದೇ, ಹೊಲ ಅದೇ, ಬಿಸಿಲು ಅದೇ. ತಮಾಷೆ ಮಾತ್ರ ಇಲ್ಲ.

ಗೋಂಬ್ರಿಚ್ ಹೇಳಿದಂತೆ ಅರಿವು ನೋಟವನ್ನು ಬದಲಿಸಿತು ಎಂದು ಬರೆದು ಪುಸ್ತಕ ಮುಚ್ಚಬಹುದು. ಅಷ್ಟಕ್ಕೆ ಮುಗಿಯುವುದಿಲ್ಲ. ಆ ಕೆಲವು ಗಳಿಗೆ ಹುಡುಗನ ಕಣ್ಣು ನಿಜಕ್ಕೂ ರಸ್ಕಿನ್ನನ ಮುಗ್ಧ ಕಣ್ಣೇ. ಆಕಾರವನ್ನು ಆಕಾರವಾಗಿ, ಚಲನೆಯನ್ನು ಚಲನೆಯಾಗಿ ನೋಡಿತು, ಖುಷಿಪಟ್ಟಿತು. ಆ ಖುಷಿ ಯಾರದು? ಹೊಲದ ಬದುವಿನಲ್ಲಿ ಕೊಡೆ ಹಿಡಿದು ನಿಂತ ಒಡೆಯನಿಗೂ ಆ ದೃಶ್ಯ ಹಾಗೇ ಕಾಣುತ್ತದೆ. ಮುಗ್ಧ ಕಣ್ಣು ಇದೆ; ಅದು ಒಡೆಯನ ಕಣ್ಣು. ದಲಿತ ಮಗು ಅದನ್ನು ಸ್ವಲ್ಪ ಹೊತ್ತು ಎರವಲು ತಂದುಕೊಂಡು ತಕ್ಷಣ ವಾಪಸು ಕೊಡಬೇಕಾಗುತ್ತದೆ. ಸಿದ್ದಲಿಂಗಯ್ಯನವರು ಇಷ್ಟನ್ನೂ ಗೊಣಗದೆ, ನಗಿಸುತ್ತಲೇ ಹೇಳಿದರಲ್ಲ, ಅದಕ್ಕೇ ನಮ್ಮ ವಿಮರ್ಶಕರು ಅದನ್ನು 'ವಿನೋದಪ್ರಜ್ಞೆ' ಎಂದು ಕರೆದು ಮೆಚ್ಚಿಕೊಂಡರು. ನೋಟದ ತತ್ವಜ್ಞಾನವೆಂದು ಅದನ್ನು ಓದುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ.

ನಮ್ಮ ದಲಿತ ವಿಮರ್ಶೆಯ ಮೇಲೂ ನನಗೆ ದೂರಿದೆ. ನಾವು ಓದಿದ್ದು ಹೆಚ್ಚು, ನೋಡಿದ್ದು ಕಡಿಮೆ. ದೇವನೂರರ 'ಒಡಲಾಳ'ದಲ್ಲಿ ಗೌರಿ ಗೋಡೆಗೆ ನವಿಲು ಬರೆಯುತ್ತಾಳೆ. ಆ ನವಿಲನ್ನು ಕನಸಿನ ಸಂಕೇತ, ಹಸಿವಿನಾಚೆಯ ಸೊಗಸಿನ ಸಂಕೇತ ಎಂದೆಲ್ಲ ವ್ಯಾಖ್ಯಾನಿಸಿದೆವು. ಅದು ಒಂದು ಚಿತ್ರ, ಅದನ್ನು ಬರೆದ ಕೈಗೆ ಒಂದು ಅಭ್ಯಾಸವಿದೆ, ಆ ಅಭ್ಯಾಸ ಕೇರಿಯಲ್ಲಿ ಎಲ್ಲಿಂದ ಬಂತು ಎಂದು ಕೇಳುವುದು ನಮಗೆ ಹೊಳೆಯಲಿಲ್ಲ.

*

ಮೈಕೆಲ್ ಬ್ಯಾಕ್ಸಂಡಾಲ್ 1972ರಲ್ಲಿ ಹದಿನೈದನೇ ಶತಮಾನದ ಇಟಲಿಯ ಚಿತ್ರಗಳ ಮೇಲೆ ಒಂದು ಪುಸ್ತಕ ಬರೆದ. ಅದರಲ್ಲಿ 'ಕಾಲದ ಕಣ್ಣು' ಎಂಬ ಕಲ್ಪನೆಯಿದೆ. ಪ್ರತಿ ಕಾಲದ ಜನರಿಗೆ ದಿನದ ಬದುಕು ಕೆಲವು ನೋಟದ ಕಸುಬುಗಳನ್ನು ಕಲಿಸುತ್ತದೆ. ಚಿತ್ರಕಾರ ಆ ಕಸುಬನ್ನು ನಂಬಿ ಬರೆಯುತ್ತಾನೆ. ಆ ಕಾಲದ ವ್ಯಾಪಾರಿಗಳು ಪೀಪಾಯಿಯನ್ನು ಕಣ್ಣಳತೆಯಲ್ಲಿ ನೋಡಿ ಎಷ್ಟು ಹಿಡಿಯುತ್ತದೆಂದು ಲೆಕ್ಕ ಹಾಕಬಲ್ಲವರು. ಪಿಯೆರೋ ಡೆಲ್ಲಾ ಫ್ರಾಂಚೆಸ್ಕಾ ಎಂಬ ದೊಡ್ಡ ಚಿತ್ರಕಾರ ವ್ಯಾಪಾರಿಗಳಿಗಾಗಿ ಗಣಿತದ ಕೈಪಿಡಿಯನ್ನೇ ಬರೆದಿದ್ದ. ಅವನ ಚಿತ್ರದ ಗುಡಾರ, ಕಂಬ, ಟೊಪ್ಪಿಗೆಗಳನ್ನು ಆ ಜನ ಅಳೆಯುತ್ತಾ ಸವಿದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. ಸತ್ತ ಎಮ್ಮೆಯ ಸುತ್ತ ಒಂದು ಸುತ್ತು ಬಂದು ನಿಂತರೆ ಸಾಕು, ತೊಗಲು ಎಷ್ಟು ಬರುತ್ತದೆ, ಎಲ್ಲಿ ಗಾಯವಾಗಿ ಹಾಳಾಗಿದೆ, ಎಷ್ಟು ಜೊತೆ ಮೆಟ್ಟು ಏಳುತ್ತದೆ ಎಂದು ಹೇಳುತ್ತಿದ್ದ. ಬೆನ್ನಿನದು ದಪ್ಪ, ಅಟ್ಟೆಗೆ. ಹೊಟ್ಟೆಯದು ಸಡಿಲ, ಅಟ್ಟೆಗೆ ಬಾರದು. ಮಿಣಿಗೆ ಇಂಥ ಕಡೆಯಿಂದ ಸುತ್ತಿ ಕೊಯ್ಯಬೇಕು, ಕಪಿಲೆ ಬಾನಿಗೆ ಇಡೀ ತೊಗಲೇ ಬೇಕು, ತಮಟೆಗೆ ಎಳೆಯದು. ಸುಣ್ಣದ ಗುಂಡಿಯಿಂದ ತೆಗೆದು, ತಂಗಡಿ ತೊಗಟೆಯ ನೀರಿನಲ್ಲಿ ಹಾಕಿದ ತೊಗಲಿನ ಬಣ್ಣ ನೋಡಿಯೇ ಎಷ್ಟು ದಿನದ್ದೆಂದು ಹೇಳುತ್ತಿದ್ದ. ಪೀಪಾಯಿ ಅಳೆದ ಇಟಲಿಯ ಕಣ್ಣಿಗೆ ಕಲಾ ಇತಿಹಾಸದಲ್ಲಿ ಒಂದು ಅಧ್ಯಾಯವಿದೆ. ತೊಗಲು ಅಳೆದ ಕಣ್ಣಿಗೆ ಯಾವ ಇತಿಹಾಸದಲ್ಲೂ ಜಾಗವಿಲ್ಲ. ಅದು ಜನಗಣತಿಯಲ್ಲಿ ಕುಲಕಸುಬು ಎಂಬ ಒಂದು ಪದ. ಈ ಕಸುಬನ್ನು ವೈಭವೀಕರಿಸಲು ನಾನು ಹೊರಟಿಲ್ಲ. ದೊಡ್ಡಪ್ಪನ ಮಕ್ಕಳು ಅದ ಬಿಟ್ಟದ್ದು ಒಳ್ಳೆಯದಾಯಿತು, ಆ ವಾಸನೆಯಲ್ಲಿ ಬದುಕಿದವರಿಗೆ ಗೊತ್ತು. ಆದರೆ ಕಸುಬು ಬಿಡುವುದು ಬೇರೆ, ಆ ಕಣ್ಣೇ ಇರಲಿಲ್ಲ ಎಂದು ಒಪ್ಪಿಕೊಳ್ಳುವುದು ಬೇರೆ.

ಇಂಥ ಕಣ್ಣು ಕಲೆಯಾಗಿ ತಿರುಗಿದ್ದನ್ನು ನೋಡಬೇಕೆಂದರೆ ತೊಗಲುಗೊಂಬೆಗೆ ಬರಬೇಕು. ಮೇಕೆಯ ತೊಗಲನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗುವ ತನಕ ಹದ ಮಾಡುತ್ತಾರೆ. ಒಣಗಿಸಿ, ಕತ್ತರಿಸಿ, ಸಣ್ಣ ಉಳಿಗಳಿಂದ ತೂತು ಹೊಡೆದು ಒಡವೆ, ಸೆರಗು, ಕಣ್ಣು ಬಿಡಿಸುತ್ತಾರೆ. ಎರಡೂ ಕಡೆ ಬಣ್ಣ. ಬಿಳಿ ಪರದೆಯ ಹಿಂದೆ ದೀಪ, ನಡುವೆ ಗೊಂಬೆ. ಈ ಆಟ ಆಡುವವರು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು. ಅಲೆಮಾರಿಗಳು, ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವವರು. ನಮ್ಮ ಕೇರಿಯವರಲ್ಲ, ಊರಿನವರೂ ಅಲ್ಲ.

ಯುರೋಪಿನವರು ಚಿತ್ರಕಲೆ ಹೇಗೆ ಹುಟ್ಟಿತು ಎಂದು ಹೇಳುವಾಗ ಪ್ಲಿನಿಯ ಒಂದು ಕಥೆ ಹೇಳುತ್ತಾರೆ. ಕೊರಿಂಥ್ ಎಂಬ ಊರಿನಲ್ಲಿ ಒಬ್ಬ ಕುಂಬಾರನ ಮಗಳು. ಅವಳ ಇನಿಯ ದೂರ ದೇಶಕ್ಕೆ ಹೊರಟಿದ್ದಾನೆ. ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಬಿದ್ದ ಅವನ ಮುಖದ ನೆರಳಿನ ಅಂಚನ್ನು ಅವಳು ಗೆರೆಯೆಳೆದು ಉಳಿಸಿಕೊಂಡಳು. ನೆರಳು ಅವರಿಗೆ ಕಲೆಯ ತಾಯಿ. ಪುಣೆಯ ಬೀದಿಯಲ್ಲಿ ಅದೇ ನೆರಳು ಮೈಲಿಗೆ. ಇತ್ತ ನಮ್ಮ ಹಳ್ಳಿಯ ಪರದೆಯ ಮೇಲೆ, ಸತ್ತ ಪ್ರಾಣಿಯ ತೊಗಲಿನ ಬಣ್ಣದ ನೆರಳು ಬಿದ್ದರೆ ಅದು ರಾಮ, ಅದು ಸೀತೆ. ಊರಿನವರು ಚಾಪೆ ಹಾಸಿಕೊಂಡು ಮುಂದೆ ಕೂತು ಕೈಮುಗಿಯುತ್ತಿದ್ದರು. ತೊಗಲು ಮುಟ್ಟಿದ ಕೈ ಗುಡಿಯ ಗೋಡೆ ಮುಟ್ಟುವಂತಿಲ್ಲ. ತೊಗಲೇ ದೇವರಾಗಿ ಬಂದರೆ ಕಣ್ಣಿಗೆ ಒತ್ತಿಕೊಳ್ಳಬಹುದು. ನಡುವೆ ಒಂದು ಪರದೆ ಇದ್ದರೆ ಆಯಿತು. ದರ್ಶನ ಎಂಬುದು ಹೇಗೆ ಕೆಲಸ ಮಾಡುತ್ತದೆಂದು ಇದಕ್ಕಿಂತ ಚೆನ್ನಾಗಿ ಯಾವ ಗರ್ಭಗುಡಿಯೂ ನನಗೆ ಹೇಳಿಕೊಟ್ಟಿಲ್ಲ. ನೋಡುವವನು ಏನನ್ನು ನೋಡಬಾರದು ಎಂಬುದು ಮೊದಲು ತೀರ್ಮಾನವಾಗುತ್ತದೆ. ಆಮೇಲೆ ದೇವರು ಕಾಣುತ್ತಾನೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ಕೂಡಿಸಿದ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಅವರ ಶ್ರಮ ಇಲ್ಲದಿದ್ದರೆ ಎಷ್ಟೋ ಗೊಂಬೆಗಳು ಇಲಿಯ ಪಾಲಾಗುತ್ತಿದ್ದವು, ನಿಜ. ಆದರೆ ಸಂಗ್ರಹದಲ್ಲಿ ಇಟ್ಟ ಗೊಂಬೆ ಚಿತ್ರವಾಗುತ್ತದೆ, ಆಡಿಸಿದವನ ಕೈ, ಹಾಡಿದ ಹೆಂಗಸಿನ ಗಂಟಲು ಹೊರಗುಳಿಯುತ್ತವೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತಾರರ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಜನವರಿಯಲ್ಲಿ ಸರ್ಕಾರದ ಕಣ್ಣಿಗೆ ಕಂಡ ಸಮುದಾಯಗಳು ಅದೇ ವರ್ಷದ ಆಗಸ್ಟಿನಲ್ಲಿ, ಒಳಮೀಸಲಾತಿಯ ತೀರ್ಮಾನವಾದಾಗ, ಅಲೆಮಾರಿಗಳಿಗೆ ಬೇರೆ ಗುಂಪು ಎಲ್ಲಿ ಎಂದು ಬೀದಿಯಲ್ಲಿ ಕೂಗಬೇಕಾಯಿತು. ಒಂದು ಕಣ್ಣು ದೆಹಲಿಯದು, ಇನ್ನೊಂದು ಬೆಂಗಳೂರಿನದು ಎಂದು ಸಮಾಧಾನ ಹೇಳುವವರು ಹೇಳಬಹುದು.

*

ಹಾಗಾದರೆ ಕೇರಿಗೆ ತನ್ನದೇ ದರ್ಶನವಿರಲಿಲ್ಲವೆ? ಇತ್ತು. ಮಾರಮ್ಮನ ಗುಡಿಯಲ್ಲಿ ಕಲ್ಲಿಗೆ ಬೆಳ್ಳಿ ಕಣ್ಣು ಅಂಟಿಸುತ್ತಾರೆ. ಕಣ್ಣು ಬೇನೆಯಾದವರು ಹರಕೆಗೆ ಬೆಳ್ಳಿ ಕಣ್ಣು ಒಪ್ಪಿಸುತ್ತಾರೆ. ಅಲ್ಲಿ ದೇವರಿಗೆ ಕಣ್ಣು ಕೊಡುವವರು ನಾವು. ಅಸಾದಿ ಎದುರಿಗೆ ನಿಂತು ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಾನೆ, ಅವಳು ಕೇಳಿಸಿಕೊಳ್ಳುತ್ತಾಳೆ. ಸಿದ್ದಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದ್ದು ಸುಮ್ಮನೆ ಅಲ್ಲ. ಎದುರಾಬದುರಾ ನಿಂತು ಬೈಯುವ ಈ ನೋಟವನ್ನು ದರ್ಶನದ ಮೀಮಾಂಸೆಯಲ್ಲಿ ಎಲ್ಲಿಡುವುದು? ಕಣ್ಣೆತ್ತಬಾರದ ಜನ ಕಣ್ಣಲ್ಲಿ ಕಣ್ಣಿಟ್ಟು ಜಗಳವಾಡಿದ ಒಂದೇ ಜಾಗ ಅದು. ಆದರೆ ಅದೇ ಜಾತ್ರೆಯಲ್ಲಿ ಕೋಣ ಕಡಿಯುವ ದುಡಿಮೆ, ತಮಟೆಯ ದುಡಿಮೆ, ತಲೆಯ ಮೇಲೆ ದೀಪ ಇಟ್ಟುಕೊಳ್ಳುವ ಹೀನಾಯವೂ ನಮ್ಮದೇ. ಹಾಗಾಗಿ ಮಾರಮ್ಮನನ್ನು ಪರ್ಯಾಯ ಎಂದು ಹೆಗಲ ಮೇಲೆ ಹೊತ್ತು ತಿರುಗುವವರ ಜೊತೆ ನಾನು ಪೂರ್ತಿ ಹೋಗಲಾರೆ.

ಕೇರಿಯ ಗೋಡೆಗೆ ಆಮೇಲೆ ಬಂದ ಪಟ ಬಾಬಾಸಾಹೇಬರದು. ದಲಿತ ಕಲೆ ಮತ್ತು ದೃಶ್ಯ ಪ್ರತಿಮೆಗಳ ಕುರಿತು ಗ್ಯಾರಿ ಟಾರ್ಟಕೋವ್ 2012ರಲ್ಲಿ ಸಂಪಾದಿಸಿದ ಪುಸ್ತಕವಿದೆ. ಉತ್ತರ ಪ್ರದೇಶದ ಅಂಬೇಡ್ಕರ್ ಪ್ರತಿಮೆಗಳ ಬಗ್ಗೆ ನಿಕೋಲಾ ಝೌಲ್ 2006ರಲ್ಲಿ ಬರೆದಿದ್ದಾರೆ. ನೀಲಿ ಕೋಟು, ಕೈಯಲ್ಲಿ ಪುಸ್ತಕ, ಚಾಚಿದ ಬೆರಳು: ಇವುಗಳ ಬಗ್ಗೆ ಎಲ್ಲರೂ ಮಾತಾಡಿದ್ದಾರೆ. ನನ್ನ ಗಮನ ಇರುವುದು ಕನ್ನಡಕದ ಮೇಲೆ. ಕನ್ನಡಕ ಹಾಕಿದ ದೇವರು ಯಾವ ಗುಡಿಯಲ್ಲೂ ಇಲ್ಲ. ದೇವರ ಕಣ್ಣು ದೊಡ್ಡದಾಗಿ, ದಣಿವಿಲ್ಲದೆ, ರೆಪ್ಪೆ ಬಡಿಯದೆ ಇರುತ್ತದೆ. ಈ ಕಣ್ಣು ಓದಿ ಓದಿ ಸವೆದದ್ದು. ಅದು ಕೃಪೆ ತೋರುವ ಕಣ್ಣಲ್ಲ, ಅಕ್ಷರ ನೋಡುವ ಕಣ್ಣು. ಅಗ್ಗದ ಸಿಮೆಂಟಿನಲ್ಲಿ ಪ್ರತಿಮೆ ಮಾಡುವವರು ಮೂಗು ಬಾಯಿ ತಪ್ಪಿಸಿಯಾರು, ಕನ್ನಡಕ ತಪ್ಪಿಸುವುದಿಲ್ಲ. ಈಗ ಆ ಪಟಕ್ಕೆ ಊದುಬತ್ತಿ ಹಚ್ಚಿ ಮಂಗಳಾರತಿ ಮಾಡುವವರಿದ್ದಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ರಾಜಕೀಯದಲ್ಲಿ ಭಕ್ತಿ ಬೇಡ ಎಂದು ಎಚ್ಚರಿಸಿದ ಮನುಷ್ಯನಿಗೆ! ಕೇಳಿದರೆ, 'ಗುಡಿಯೊಳಕ್ಕೆ ಬಿಡದೇ ಇದ್ದಾಗ ಇವ್ರೇ ತಾನೆ ನಮ್ಮನ್ನ ನೋಡಿದ್ದು' ಎನ್ನುತ್ತಾರೆ. ನೋಡಿಸಿಕೊಳ್ಳುವ ಹಸಿವು ಅಷ್ಟು ಹಳೆಯದು. ಅದನ್ನು ಬರೀ ಅಜ್ಞಾನ ಎಂದು ಬೈಯಲು ನನಗೆ ಬಾಯಿ ಬರುವುದಿಲ್ಲ.

ಸ್ಪರ್ಶದ ಬಗ್ಗೆ ಗೋಪಾಲ್ ಗುರು ಮತ್ತು ಸುಂದರ್ ಸಾರುಕ್ಕೈ 2012ರ ತಮ್ಮ ಪುಸ್ತಕದಲ್ಲಿ, ಅನಿಕೇತ್ ಜಾವರೆ 2018ರಲ್ಲಿ ಆಳವಾಗಿ ಚಿಂತಿಸಿದ್ದಾರೆ. ಅಸ್ಪೃಶ್ಯತೆ ಎಂಬುದು ಮುಟ್ಟಲಾರದವನ ರೋಗ ಎಂಬಷ್ಟು ದೂರ ಸಾರುಕ್ಕೈ ಹೋಗುತ್ತಾರೆ. ಅತ್ತ ಕಲಾ ಪಂಡಿತರು ನೋಟವೇ ಸ್ಪರ್ಶ ಎನ್ನುತ್ತಿದ್ದಾರೆ. ಈ ಎರಡು ಗುಂಪಿನವರು ಒಂದೇ ಜಗಲಿಯಲ್ಲಿ ಕೂತು ಮಾತಾಡಿದ್ದು ಅಪರೂಪ. ಕೂರಿಸುವ ಕೆಲಸ ದಲಿತ ವಿಮರ್ಶೆಯದು. ಅದಕ್ಕೆ ನಾವು ಗರ್ಭಗುಡಿಯಿಂದ ಶುರುಮಾಡಬೇಕಾಗಿಲ್ಲ. ಹುಣಸೇಮರದ ಬಳಿಯಿಂದ, ಪರದೆಯ ಹಿಂಬದಿಯಿಂದ ಶುರುಮಾಡಬಹುದು. ವಸಂತಪುರದ ದೃಷ್ಟಿಬೊಂಬೆಯಿಂದಲೂ ಆದೀತು. ಆ ಕಪ್ಪು ಮುಖ ಯಾರ ಮುಖದ ಹಾಗಿದೆ ಎಂದು ನಾವು ಕೇಳಿಯೇ ಇಲ್ಲ.

ಮೇಸ್ತ್ರಿಯ ಸೈಟಿಗೆ ಮೊನ್ನೆ ಮತ್ತೆ ಹೋಗಿದ್ದೆ. ಮನೆ ಎರಡು ಅಂತಸ್ತು ಎದ್ದಿದೆ. ಮುಂದಿನ ಗೋಡೆಯಲ್ಲಿ ದೇವರ ಕೋಣೆಯ ಕಿಟಕಿ, ಅದರಿಂದ ಗುಡ್ಡದ ಗೋಪುರ ಕಾಣಬೇಕೆಂದು ಮಾಲೀಕರು ಅಳತೆ ಕೊಟ್ಟು ಇಡಿಸಿದ್ದಾರಂತೆ. ಒಳಗಿನ ಹಸಿ ಇಟ್ಟಿಗೆ ಗೋಡೆಯ ಮೇಲೆ, ನೆಲದಿಂದ ಎರಡಡಿ ಎತ್ತರದಲ್ಲಿ, ಯಾರೋ ಇದ್ದಿಲಿನಲ್ಲಿ ಒಂದು ಮುಖ ಬರೆದಿದ್ದರು. ಮೀಸೆ, ನಾಲಗೆ, ದೊಡ್ಡ ಕಣ್ಣು. ಹೊರಗೆ ನೇತಾಡುವುದರದೇ ನಕಲು, ಆದರೆ ಇದು ನಗುತ್ತಿತ್ತು. 'ನಮ್ಮ ಸಣ್ಣಾಕಿ ಬರದಾಳ್ರಿ' ಅಂದ ಮೇಸ್ತ್ರಿ. ಚೆನ್ನಾಗಿದೆ ಅಂದೆ. 'ನಾಡದು ಗಿಲಾವ್ ಮಾಡ್ತಾರ್ರಿ' ಅಂದ.